ಮೂರು ಗ್ರಾಂ ರೊಟ್ಟಿ

ಕಾರು ನಾಲ್ಕನೇ ಸಲ ನಿಂತದ್ದು ತೊರವಿಯ ತಿರುವಿನಲ್ಲಿ, ಕಬ್ಬಿನ ಹಾಲು ಮಾರುವವನ ಗಾಡಿಯ ಎದುರಿಗೆ. ನಿಲ್ಲುವ ಮೊದಲು ಎಂದಿನಂತೆ ಹೇಳಿತು: “ಮಗುವಿನ ಪಟ್ಟಿ ಸಡಿಲವಾಗಿದೆ. ದಯವಿಟ್ಟು ಸರಿಪಡಿಸಿ.” ಹೆಂಗಸಿನ ದನಿ. ಸಿಟ್ಟಿಲ್ಲ, ಅವಸರವಿಲ್ಲ. ಸಾವಿರ ಸಲ ಹೇಳಬೇಕಾಗಿ ಬಂದರೂ ಅದು ಹೀಗೆಯೇ ಹೇಳುತ್ತದೆ ಎಂಬುದು ದಾನೇಶ್ವರಿಗೆ ಗೊತ್ತಿತ್ತು.

ಅವಳು ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಿದ್ದಳು. ಐದು ವರ್ಷದ ಕಸ್ತೂರಿ ಎಡಗೈಯನ್ನು ಪಟ್ಟಿಯಿಂದ ಹೊರಗೆಳೆದುಕೊಂಡು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಬಾಯಿ ತೆರೆದುಕೊಂಡಿದ್ದಳು. ಆ ಬಾಯಿಂದ ಈಗ ಸದ್ದು ಬರುತ್ತಿರಲಿಲ್ಲ. ಸದ್ದು ನಿಂತು ಎರಡು ಕಿಲೋಮೀಟರ್ ಆಗಿತ್ತು.

“ಹೊಳ್ಳಸ್ಲೇನು?” ಮುಂದೆ ಕೂತಿದ್ದ ಗಂಡ ಪ್ರಭುಲಿಂಗ ಕೇಳಿದ. ತಿರುಗಿ ನೋಡಲಿಲ್ಲ.

“ಹೂಂ.”

“ಶಾಲಿ ಇನ್ನ ಆರ ಕಿಲೋಮೀಟರ್ ಐತಿ, ಅಷ್ಟ.”

“ಗೊತ್ತೈತಿ.”

ಅವನು ಕಾರಿಗೆ ತಿಕೋಟಾ ಎಂದ, ನಡಿಗೆ ವೇಗ ಎಂದ. ಪಟ್ಟಿ ಬಿಚ್ಚಿದ ಕೂಡಲೇ ಕಸ್ತೂರಿ ಕಾಲ ಬುಡದ ಜಾಗಕ್ಕೆ ಇಳಿದು, ಮೊಣಕಾಲಿಗೆ ಹಣೆ ಹಚ್ಚಿ ಮುದುಡಿಕೊಂಡಳು. ಕಾರು ನಾಲ್ಕೂ ದೀಪ ಮಿನುಗಿಸುತ್ತ ಬಂದ ದಾರಿಯಲ್ಲೇ ತೆವಳತೊಡಗಿತು. ಮನೆ ಮುಟ್ಟಲು ಎರಡು ತಾಸಿನ ಮೇಲಾಯಿತು. ಒಂದು ಎಮ್ಮೆ ಸ್ವಲ್ಪ ದೂರ ಅವರ ಜೊತೆಗೇ ನಡೆದು, ಬೇಸರವಾಗಿ ಮುಂದೆ ಹೋಯಿತು.

ಆ ಕಾನೂನು ಬಂದು ನಾಲ್ಕು ವರ್ಷವಾಗಿತ್ತು. ಕಾರುಗಳು ತಾವಾಗಿಯೇ ಓಡಲು ಕಲಿತ ಮೇಲೆ ಬಂದ ಕಾನೂನು. ಏಳು ವರ್ಷದೊಳಗಿನ ಮಗು ಆಸನದಲ್ಲಿರಬೇಕು, ಪಟ್ಟಿ ಬಿಗಿಯಾಗಿರಬೇಕು, ಆಸನವು ಕಾರಿಗೆ ‘ಸರಿ’ ಎಂಬ ಸಂಕೇತವನ್ನು ಬಿಡದೆ ಕೊಡುತ್ತಿರಬೇಕು. ಸಂಕೇತ ತಪ್ಪಿದ ನಲವತ್ತು ಸೆಕೆಂಡಿನಲ್ಲಿ ಕಾರು ಬದಿಗೆ ಸರಿದು ನಿಲ್ಲುತ್ತದೆ. ಮಗುವನ್ನು ಪಟ್ಟಿಯಿಲ್ಲದೆ ಒಯ್ಯಬೇಕೆಂದರೆ ನಡಿಗೆ ವೇಗವೊಂದೇ ದಾರಿ, ಗಂಟೆಗೆ ಆರು ಕಿಲೋಮೀಟರ್. ಕಾನೂನು ಕೆಟ್ಟದ್ದೆಂದು ದಾನೇಶ್ವರಿ ಯಾವತ್ತೂ ಅಂದುಕೊಂಡಿರಲಿಲ್ಲ. ಡಿಕ್ಕಿಯಲ್ಲಿ ಮಗುವಿನ ಮೈಗೆ ಏನಾಗುತ್ತದೆ ಎಂದು ನೋಡುವುದೇ ಅವಳ ಉದ್ಯೋಗವಾಗಿತ್ತು. ತೊರವಿಯ ಆಚೆ, ಬಯಲಿನ ನಡುವೆ ಇದ್ದ ಆಸನ ಪರೀಕ್ಷಾಲಯದಲ್ಲಿ ಅವಳು ಆರು ವರ್ಷದಿಂದ ಪರೀಕ್ಷಕಿ.

ಕಸ್ತೂರಿಗೆ ರೋಗವೇನೂ ಇರಲಿಲ್ಲ. ಜಗತ್ತು ಅವಳ ಮೈಗೆ ಬೇರೆಯವರಿಗಿಂತ ಹೆಚ್ಚಾಗಿ ಬಂದು ತಾಗುತ್ತಿತ್ತು. ಅಂಗಿಯ ಒಳಗಿನ ಚೀಟಿ ಅವಳಿಗೆ ಮುಳ್ಳು. ಬಕಲ್ಲಿನ ಟಕ್ ಎಂಬ ಸದ್ದು ಕೇಳಿದರೆ ಕಿವಿಯಲ್ಲಿ ಯಾರೋ ಹೊಡೆದಂತೆ ಬೆಚ್ಚುತ್ತಿದ್ದಳು. ಮಾತು ಇಪ್ಪತ್ತು ಮೂವತ್ತು ಶಬ್ದ. ವಿಜಯಪುರದ ಶಾಲೆಯ ಶಾಕಿರಾ ಟೀಚರ್ ಒಮ್ಮೆ ತಿಕೋಟಾಕ್ಕೆ ಬಂದು ಎರಡು ತಾಸು ಅವಳ ಎದುರು ನೆಲದ ಮೇಲೆ ಏನೂ ಮಾತಾಡದೆ ಕೂತಿದ್ದರು. ಹೊರಡುವಾಗ ಕಸ್ತೂರಿ ಅವರ ಸೆರಗು ಹಿಡಿದು “ಕೂಡು” ಎಂದಿದ್ದಳು. ಹೊರಗಿನವರ ಜೊತೆ ಅವಳು ಆಡಿದ ಮೊದಲ ಮಾತು ಅದು. ಜಿಲ್ಲೆಯಲ್ಲಿ ಇಂಥ ಶಾಲೆ ಇದ್ದದ್ದು ಒಂದೇ.

“ಜುಲೈ ಒಂದರ ತನಕ ಜಾಗಾ ಹಿಡಿದಿಟ್ಟಿರ್ತೀನ್ರೀ,” ಎಂದಿದ್ದರು ಟೀಚರ್. “ಆಮ್ಯಾಲ ಕಾಯೋ ಕೂಸುಗಳು ಬ್ಯಾರೆ ಅದಾವು.”

ವಿಜಯಪುರದಲ್ಲೇ ಮನೆ ಹಿಡಿದು ನೋಡಿಯಾಗಿತ್ತು. ಹನ್ನೊಂದು ದಿನ ಇದ್ದರು. ಹೊಸ ಮನೆಯ ಗೋಡೆಗಳ ನಡುವೆ ಕಸ್ತೂರಿ ಹನ್ನೊಂದು ದಿನವೂ ನಿದ್ದೆ ಮಾಡಲಿಲ್ಲ. ಹನ್ನೆರಡನೇ ದಿನ ನಡಿಗೆ ವೇಗದಲ್ಲಿ ವಾಪಸು ಬಂದರು. ಆ ಮೂರೂವರೆ ತಾಸು ಅವಳು ಅಜ್ಜಿ ನೀಲವ್ವನ ತೊಡೆಯ ಮೇಲೆ, ಮನೆಯ ಹಳೆಯ ಕೌದಿಯ ಕೆಳಗೆ ಗಾಢವಾಗಿ ಮಲಗಿದ್ದಳು. ಬೇಸಿಗೆಯ ಮಧ್ಯಾಹ್ನ. ಐದು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಹೊಲಿದ ಕೌದಿ. ಎತ್ತಿದರೆ ತೋಳು ನೋಯುವಷ್ಟು ಭಾರ. ದಾನೇಶ್ವರಿ ಅದನ್ನು ಅಂದು ಕಣ್ಣಾರೆ ನೋಡಿದ್ದಳು. ಆದರೆ ಅದನ್ನೊಂದು ಸಂಗತಿಯೆಂದು ಗುರುತಿಸಲು ಅವಳಿಗೆ ಎರಡು ತಿಂಗಳು ಬೇಕಾಯಿತು.

*

ಅಷ್ಟರಲ್ಲಿ ಮೂರು ಆಸನ ನೋಡಿ ಮುಗಿದಿದ್ದವು. ಮೂರನೆಯದರ ಮೇಲೆ ಅವಳು ತುಂಬ ನಂಬಿಕೆ ಇಟ್ಟಿದ್ದಳು. ಸೂಕ್ಷ್ಮ ಮೈಯ ಮಕ್ಕಳಿಗೆಂದೇ ದೂರದ ದೇಶದಲ್ಲಿ ಮಾಡಿದ್ದು. ಬಕಲ್ಲಿಗೆ ಸದ್ದಿಲ್ಲ, ಬಟ್ಟೆಗೆ ಹೊಲಿಗೆಯಿಲ್ಲ. ಕೂತರೆ ಕೂತದ್ದೇ ಗೊತ್ತಾಗುವುದಿಲ್ಲ, ಮೈಗೆ ಏನೂ ತಾಗಿದಂತೆ ಅನಿಸುವುದಿಲ್ಲ. ತೊರವಿಯ ತಿರುವಿನವರೆಗೆ ನಾಲ್ಕು ಸಲ ಕಾರು ನಿಲ್ಲಿಸಿದ್ದು ಅದೇ ಆಸನ.

ಮರುದಿನ ಅದನ್ನು ಪರೀಕ್ಷಾಲಯಕ್ಕೆ ಮರಳಿಸಿದಾಗ ಅವಳ ಮೇಲಧಿಕಾರಿ ವಾದಿರಾಜ ಕಾಖಂಡಕಿ ಕೇಳಿದರು, “ಏನಾತು?”

“ಕೂಡಂಗಿಲ್ರೀ ಸರ್. ಬಿದ್ದಹಂಗ ಮಾಡ್ತಾಳ.”

“ಬಿದ್ದಹಂಗ ಅಂದ್ರ?”

“ಬಾವ್ಯಾಗ ಬೀಳಾಕತ್ತವರು ಹಂಗ ಕೈ ಚಾಚತಾರಲ್ರೀ, ಹಂಗ.”

ವಾದಿರಾಜರು ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಕೇಳಿದ್ದಕ್ಕೆ ಕೂಡಲೇ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಕನ್ನಡಕ ಒರೆಸಿ, “ಏನೂ ತಾಗಲಾರದ್ದೂ ಒಂದು ಅಂಜಿಕಿನೇ ಇರಬೇಕು,” ಎಂದು ತಮ್ಮ ಕೋಣೆಗೆ ಹೋದರು.

ಆ ವಾರವೇ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಸಂಜೆ ದಾನೇಶ್ವರಿ ಬಂದಾಗ ಪ್ರಭುಲಿಂಗ ತಾನು ಕೆಲಸ ಮಾಡುವ ಒಣದ್ರಾಕ್ಷಿ ಶೆಡ್ಡಿಗೆ ರಜೆ ಹಾಕಿ ಮನೆಯಲ್ಲೇ ಇದ್ದ. ನೀಲವ್ವನ ಮುಖದಲ್ಲಿ ಏನೋ ಗೆದ್ದ ಕಳೆ.

“ಎಂಟ ಕಿಲೋಮೀಟರ್,” ಎಂದ ಪ್ರಭುಲಿಂಗ. “ಒಂದ ಸಲಾನೂ ನಿಂದರಲಿಲ್ಲ.”

“ಯಾರು?”

“ಕಾರು. ಕಸ್ತೂರಿ ಕುಂತಿದ್ಲು. ಹಳೀ ಆಸನದಾಗ. ಹಾಡ ಅಂದ್ಲು.”

ದಾನೇಶ್ವರಿ ಚೀಲ ಕೆಳಗಿಡಲಿಲ್ಲ. “ಹೆಂಗ ಕುಂತಿದ್ಲು?”

ಉತ್ತರ ಕೊಟ್ಟದ್ದು ನೀಲವ್ವ. “ಕೌದಿ ಸುತ್ತಿ ಕೂಡಿಸಿದ್ವಿ ಬಿಡವಾ. ಮ್ಯಾಲ ಪಟ್ಟಿ ಬಿಗದ್ವಿ. ನಿನ್ನ ಗಾಡಿ ‘ಸರಿ’ ಅಂತು. ಗಾಡಿಗೇ ಸರಿ ಅನಿಸಿದ ಮ್ಯಾಲ ನಿನಗೇನು?”

ದಾನೇಶ್ವರಿ ಬಾಯಿ ಬಿಟ್ಟಿದ್ದರೆ ಜಗಳವಾಗುತ್ತಿತ್ತು, ಜಗಳದಲ್ಲಿ ನೀಲವ್ವನೇ ಗೆಲ್ಲುತ್ತಿದ್ದಳು. ಯಾಕೆಂದರೆ ಎಂಟು ಕಿಲೋಮೀಟರ್ ಎಂಬುದು ನಿಜ, ಮಗು ಹಾಡು ಎಂದದ್ದೂ ನಿಜ. ಅವಳು ಕೌದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

“ಅದನ್ನ್ಯಾಕ ಒಯ್ತಿ?”

“ನಾಳಿ ತರ್ತೀನ್ರೀ.”

*

ಪರೀಕ್ಷಾಲಯದ ಉದ್ದನೆಯ ಶೆಡ್ಡಿನಲ್ಲಿ ಒಂದು ಹಳಿ ಇತ್ತು. ಹಳಿಯ ಮೇಲೆ ಒಂದು ಬಂಡಿ, ಬಂಡಿಯ ಮೇಲೆ ಕಾರಿನ ಸೀಟು. ಬಂಡಿಯನ್ನು ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿ ತಟ್ಟನೆ ನಿಲ್ಲಿಸುವುದೇ ಪರೀಕ್ಷೆ. ಆಸನದಲ್ಲಿ ಕೂರುವುದು ಹದಿನೆಂಟು ಕಿಲೋ ತೂಕದ ಗೊಂಬೆ. ಶೆಡ್ಡಿನವರೆಲ್ಲ ಅದನ್ನು ಗುಂಡಣ್ಣ ಎನ್ನುತ್ತಿದ್ದರು. ಓಟಕ್ಕೆ ಮೊದಲು ಅದರ ತಲೆ ಸವರಿ “ಗಟ್ಟಿ ಕೂಡಪಾ” ಎನ್ನುವುದು ಅಲ್ಲಿಯ ರೂಢಿ. ದಾನೇಶ್ವರಿಯೂ ಹಾಗೆ ಹೇಳುತ್ತಿದ್ದಳು. ಅಂದು ಹೇಳಲಿಲ್ಲ.

ಗುಂಡಣ್ಣನಿಗೆ ಕೌದಿ ಸುತ್ತಿ ಪಟ್ಟಿ ಬಿಗಿದಳು. ಬೆರಳು ತೂರದಷ್ಟು ಬಿಗಿ. ಆಸನ ‘ಸರಿ’ ಎಂದಿತು. ಅವಳಿಗೆ ಫಲಿತಾಂಶ ಗೊತ್ತಿತ್ತು. ಮೆತ್ತನೆಯದು ಯಾವುದೇ ಇರಲಿ, ಡಿಕ್ಕಿಯ ಹೊತ್ತಿಗೆ ಕಾಗದದಷ್ಟು ತೆಳ್ಳಗಾಗುತ್ತದೆ. ಅದು ತೆಳ್ಳಗಾದಷ್ಟೂ ಪಟ್ಟಿ ಸಡಿಲ. ಗೊತ್ತಿದ್ದದ್ದನ್ನೇ ನೋಡಲು ಗುಂಡಿ ಒತ್ತಿದಳು.

ಓಟ ಮುಗಿದ ಮೇಲೆ ಶೆಡ್ಡಿನಲ್ಲಿ ಯಾವಾಗಲೂ ಒಂದು ಮೌನ ಇರುತ್ತದೆ. ಯಂತ್ರ ಮತ್ತೆ ಗಾಳಿ ತುಂಬಿಕೊಳ್ಳುವವರೆಗಿನ ಏಳೆಂಟು ಸೆಕೆಂಡು. ಅವಳಿಗೆ ಆ ಮೌನ ಇಷ್ಟವಿತ್ತು. ಅಂದು ಅದು ಮುಗಿಯಲಿ ಎಂದು ಕಾದಳು. ಗುಂಡಣ್ಣ ಪಟ್ಟಿಯ ಕೆಳಗೆ ಜಾರಿ, ಸೊಂಟ ಆಸನದಿಂದ ಹೊರಗೆ ಬಂದು, ಪಟ್ಟಿ ಅವನ ಕುತ್ತಿಗೆಗೆ ಸಿಕ್ಕಿಕೊಂಡಿತ್ತು. ಕೌದಿ ನಟ್ಟನಡುವೆ ಹರಿದಿತ್ತು.

ಸಂಜೆ ಅವಳು ಹರಿದ ಕೌದಿಯನ್ನು ಅತ್ತೆಯ ಮುಂದೆ ಬಿಡಿಸಿಟ್ಟಳು. ಚಿತ್ರ ತೋರಿಸಲಿಲ್ಲ, ಲೆಕ್ಕ ಹೇಳಲಿಲ್ಲ. ನೀಲವ್ವ ನಲವತ್ತು ವರ್ಷದಿಂದ ಕೌದಿ ಹೊಲಿಯುವವಳು. ಹರಿದ ಅಂಚಿನ ಮೇಲೆ ಬೆರಳಾಡಿಸಿದಳು. ನೂಲು ಹಿಸಿದು ಹೋಗಿದ್ದರೆ ಹಳತು ಎನ್ನಬಹುದಿತ್ತು. ನೂಲು ಕತ್ತರಿಸಿದಂತೆ ತುಂಡಾಗಿತ್ತು.

“ಒಳಗ ಯಾರು ಇದ್ರು?” ಎಂದಳು.

“ಗೊಂಬಿ.”

ನೀಲವ್ವ ಕೌದಿಯ ಮೇಲಿಂದ ಕೈ ತೆಗೆಯಲಿಲ್ಲ. ಒಳಮನೆಯಲ್ಲಿ ಕಸ್ತೂರಿ ಒಂದು ಬಟ್ಟಲನ್ನು ನೆಲಕ್ಕೆ ಉಜ್ಜುತ್ತಿದ್ದ ಸದ್ದು ಬರುತ್ತಿತ್ತು.

“ಅಕಿಗೆ ಭಾರ ಬೇಕವಾ,” ಎಂದಳು. “ನಿಮ್ಮಂದಿ ಹಗುರ ಮಾಡಾಕ ಹೊಂಟಾರ. ಅಕಿಗೆ ಯಾರರೆ ಹಿಡಕೊಂಡಹಂಗ ಇರಬೇಕು. ಮೆತ್ತಗಿರಬೇಕು, ಭಾರ ಇರಬೇಕು. ಬಡದಾಗ ಇಷ್ಟು ಗಟ್ಟಿ ಆದ್ರ ಸಾಕಿತ್ತು, ನೋಡು. ಆ ಹೊತ್ತಿಗಷ್ಟ.”

ಆ ಮಾತು ಅವಳು ಸುಮ್ಮನೆ ಆಡಿದ್ದು, ಆಗದ ಕೆಲಸದ ಬಗ್ಗೆ ಆಡುವ ಹಾಗೆ. ದಾನೇಶ್ವರಿ ಮಾತ್ರ ತಲೆಯೆತ್ತಿ ಅವಳನ್ನು ನೋಡಿದಳು.

*

ಬಡಿದಾಗ ಮಾತ್ರ ಗಟ್ಟಿಯಾಗುವ ವಸ್ತು ವಾದಿರಾಜರ ಕಪಾಟಿನಲ್ಲಿ ಒಂಬತ್ತು ವರ್ಷದಿಂದ ಇತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಾಳೆಗಳು. ಒಂದರ ಮೇಲೊಂದು ಇಟ್ಟರೆ ಇಸ್ಪೀಟೆಲೆಗಳಂತೆ ಜಾರಾಡುತ್ತವೆ. ಕೈಗೆ ತಗಲದಷ್ಟು ಸಣ್ಣ ವಿದ್ಯುತ್ತು ಹರಿಸಿದರೆ ಹಾಳೆಗಳು ಒಂದಕ್ಕೊಂದು ಕಚ್ಚಿಕೊಂಡು ಹಲಗೆಯಾಗುತ್ತವೆ. ವಿದ್ಯುತ್ತು ನಿಲ್ಲಿಸಿದರೆ ಮತ್ತೆ ಹಾಳೆ. ಹಲಗೆಯಾಗಲು ಬೇಕಾದದ್ದು ಸೆಕೆಂಡಿನ ನೂರನೇ ಒಂದು ಭಾಗ. ಈಗಿನ ಕಾರುಗಳು ಡಿಕ್ಕಿಯನ್ನು ಅದು ಆಗುವುದಕ್ಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಮೊದಲೇ ಕಂಡುಕೊಳ್ಳುತ್ತವೆ. ಸಮಯ ಬೇಕಾದಷ್ಟಿತ್ತು.

“ಇದನ್ನ ಯಾಕ ಬಿಟ್ರಿ ಸರ್?”

“ಹೊಲಿಲಿಕ್ಕೆ ಆಗಲಿಲ್ಲ,” ಎಂದರು ವಾದಿರಾಜ. “ಅಂಟು ಹಚ್ಚಿದ್ರ ಜಾರಂಗಿಲ್ಲ. ಮಷಿನ್ನಿನಿಂದ ಹೊಲದ್ರ ದಾರ ಬಿಗೀತದ, ಆವಾಗ್ಲೂ ಜಾರಂಗಿಲ್ಲ. ಹೊಲೀದಿದ್ರ ಚದರಿ ಹೋಗ್ತಾವ. ಹಾಳಿ ಹಿಡಿದೂ ಇರಬೇಕು, ಬಿಟ್ಟೂ ಇರಬೇಕು. ಅಂಥ ಹೊಲಿಗಿ ಯಾವ ಮಷಿನ್ನಿಗೂ ಬರಂಗಿಲ್ಲ.”

“ನಮ್ಮತ್ತಿಗೆ ಬರ್ತದ್ರೀ.”

ವಾದಿರಾಜರು ಕನ್ನಡಕ ಒರೆಸಿದರು. “ಹಾಳಿ ಪರಪರ ಅಂತಾವ. ಕೂಸಿಗೆ ಸದ್ದು ಆಗಂಗಿಲ್ಲ ಅಂದಿದ್ದಿ.”

“ನಡುವ ನಡುವ ಹಳೀ ಸೀರಿ ಹಾಕ್ತಾಳ.”

“ನಿಮ್ಮತ್ತಿನ್ನ ಕೇಳೀಯೇನು?”

“ಇಲ್ರೀ. ನೀವು ಹೂಂ ಅಂದ್ರ ಕೇಳ್ತೀನಿ.”

ಹೀಗೆ ಮೇ ತಿಂಗಳ ಮೊದಲ ವಾರದಿಂದ ತಿಕೋಟಾದ ಆ ಮನೆಯ ಪಡಸಾಲೆಯಲ್ಲಿ ಕೆಲಸ ನಡೆಯಿತು. ನೀಲವ್ವ ಮೊದಲ ದಿನ ಹಾಳೆಯನ್ನು ಹಲ್ಲಿನಲ್ಲಿ ಕಚ್ಚಿ ನೋಡಿ “ಇದರಾಗ ಸೂಜಿ ಹೊಕ್ಕರ ತೂತು ಬೀಳ್ತೈತಿ, ತಾಯಿ. ಸಣ್ಣ ಸೂಜಿ ತಾ” ಎಂದಳು. ಒಂದಕ್ಕೊಂದು ತಾಗಿದ ಎರಡೆರಡು ಹಾಳೆಗೊಂದು ಸೀರೆಯ ಪದರ, ಇನ್ನೂರು ಸಲ ಒಗೆದು ಮೆದುವಾದ ಇಳಕಲ್ ಸೀರೆ. ಹನ್ನೆರಡು ಹಾಳೆ, ಏಳು ಪದರ. ಅಂಚಿನಿಂದ ಒಳಗೆ ಸುತ್ತುತ್ತ ಬರುವ ಓಟದ ಹೊಲಿಗೆ. ಇದು ಪಟ್ಟಿಯ ಕೆಳಗೆ ಹಾಕುವ ಕೌದಿಯಲ್ಲ, ಕೌದಿಯೇ ಪಟ್ಟಿ. ಎರಡು ಅಂಗೈ ಅಗಲ. ಹೆಗಲಿನಿಂದ ಇಳಿದು ಎದೆ, ತೊಡೆಗಳ ಮೇಲೆ ಹಾಯ್ದು ಆಸನದ ಎರಡೂ ಬದಿಗೆ ಕೂಡುವಂತೆ. ತೂಕ ಎರಡು ಕಿಲೋ. ಮಗು ಎಷ್ಟು ಅದುಮಿದೆ, ಎಲ್ಲಿ ಅದುಮಿದೆ ಎಂದು ದಾಖಲಿಸಲು ದಾನೇಶ್ವರಿ ಪದರಗಳ ನಡುವೆ ಕೂದಲಿನಷ್ಟು ತೆಳುವಾದ ತಂತಿ ಹಾಯಿಸಿದ್ದಳು.

ಮುಗಿದ ದಿನ ಆಸನವನ್ನು ಪಡಸಾಲೆಯಲ್ಲಿಟ್ಟರು. ಯಾರೂ ಕಸ್ತೂರಿಯನ್ನು ಕರೆಯಲಿಲ್ಲ. ಅವಳೇ ಬಂದಳು. ಮೂಸಿದಳು. ಹತ್ತಿ ಕೂತಳು. ನೀಲವ್ವ ಕೌದಿಪಟ್ಟಿಯನ್ನು ನಿಧಾನಕ್ಕೆ ಅವಳ ಮೇಲೆ ಎಳೆದು ಕೂಡಿಸಿದಳು. ಮೂವತ್ತೈದು ನಿಮಿಷ ಅವಳು ಹಾಗೇ ಕೂತಿದ್ದು, ಕೊನೆಯ ಹತ್ತು ನಿಮಿಷ ಕಣ್ಣು ಮುಚ್ಚಿದ್ದಳು. ಪ್ರಭುಲಿಂಗ ಬಾಗಿಲ ಹೊರಗೆ ಹೋಗಿ ನಿಂತ. ಅವನು ಅಳುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಯಾರೂ ಕರೆಯಲಿಲ್ಲ.

*

ಹಳಿಯ ಮೇಲೆ ಆ ಪಟ್ಟಿ ಸೋತಿತು.

ಪೂರ್ತಿ ಅಲ್ಲ. ಬಲಬದಿ ಹಲಗೆಯಾಗಿ ಗುಂಡಣ್ಣನನ್ನು ಎದೆಗೆ ಅವುಚಿದಂತೆ ಹಿಡಿದುಕೊಂಡಿತ್ತು. ಎಡಬದಿಯ ಕೆಳಮೂಲೆಯಲ್ಲಿ ಹಾಳೆಗಳು ಕಚ್ಚಿಕೊಂಡಿರಲಿಲ್ಲ. ಅಲ್ಲಿ ಜಾರಿ, ಗೊಂಬೆ ನಾಲ್ಕು ಸೆಂಟಿಮೀಟರ್ ವಾಲಿತ್ತು. ನಾಲ್ಕು ಎಂದರೆ ಹೆಚ್ಚು. ವಾದಿರಾಜರು ಸಣ್ಣ ಕತ್ತರಿಯಿಂದ ಆ ಮೂಲೆ ಬಿಚ್ಚಿದರು. ಹಾಳೆಗಳ ನಡುವೆ ಚಪ್ಪಟೆಯಾದ, ಬಿಳಿಚಿದ ಒಂದು ತುಂಡು ಇತ್ತು. ಚಿಮಟಿಯಿಂದ ಎತ್ತಿ ಬೆಳಕಿಗೆ ಹಿಡಿದರು.

“ದಾನೇಶ್ವರಿ, ಇದೇನಿದು?”

ಅವಳಿಗೆ ನೋಡಿದ ಕೂಡಲೇ ತಿಳಿಯಿತು. “ರೊಟ್ಟಿ, ಸರ್. ಜ್ವಾಳದ್ದು.”

“ರೊಟ್ಟಿ.”

“ಹೌದ್ರೀ. ಕೌದಿ ಹೊಲದ ಮ್ಯಾಲ ಕಡೀ ಮೂಲಿ ಮುಚ್ಚೋಕಿಂತ ಮೊದಲ ಒಂದು ತುತ್ತು ಇಟ್ಟು ಮುಚ್ಚತಾರ. ಹಸದ ಕೌದಿ ಹೊಚ್ಚಬಾರದು ಅಂತ. ಹೊಚ್ಚಿದವರಿಗೆ ಬೆಚ್ಚಗ ಆಗಂಗಿಲ್ಲಂತ್ರೀ.”

ವಾದಿರಾಜರು ನಗಲಿಲ್ಲ. ತುಂಡನ್ನು ತೂಕದ ಯಂತ್ರದ ಮೇಲಿಟ್ಟರು. “ಮೂರು ಗ್ರಾಂ,” ಎಂದು, ವರದಿಯಲ್ಲಿ ‘ಪದರಗಳ ನಡುವೆ ಅನ್ಯ ವಸ್ತು’ ಎಂದು ಬರೆದರು. “ಹಾಳಿ ಹಾಳಿಗೆ ಮುಟ್ಟಿದ್ರ ಕಚ್ಚತಾವ. ನಡುವ ರೊಟ್ಟಿ ಇದ್ರ ಹ್ಯಾಂಗ ಮುಟ್ಟಬೇಕು ಅವು? ನಿಮ್ಮತ್ತಿಗೆ ಹೇಳು. ಇನ್ನೊಂದ ಹೊಲೀಲಿ. ತುತ್ತು ಬ್ಯಾಡ.”

ನೀಲವ್ವ ಒಪ್ಪಲು ಎರಡು ದಿನ ತೆಗೆದುಕೊಂಡಳು. “ಕೌದಿನ ಉಪಾಸ ಕೆಡವಿ ದುಡಸ್ರಿ ಹಂಗಾರ,” ಎಂದು ಆ ಎರಡು ದಿನ ಬೇರೆ ಮಾತೇ ಆಡಲಿಲ್ಲ. ಆಮೇಲೆ ಹೊಲಿದು ಕೊಟ್ಟಳು. ಅದೇ ಸೀರೆ, ಅದೇ ನೂಲು, ತುತ್ತಿಲ್ಲದೆ. ಎರಡನೆಯ ಪಟ್ಟಿ ಹಳಿಯ ಮೇಲೆ ಮೂರು ಓಟ ಓಡಿ ಮೂರರಲ್ಲೂ ಗೆದ್ದಿತು. ಗುಂಡಣ್ಣನ ತಲೆ ನಿಯಮ ಒಪ್ಪುವ ದೂರದ ಅರ್ಧದಷ್ಟೂ ಮುಂದೆ ಹೋಗಲಿಲ್ಲ. ಶೆಡ್ಡಿನವರು ಚಪ್ಪಾಳೆ ತಟ್ಟಿದರು. ಅಂದು ಜೂನ್ ಹನ್ನೊಂದು.

ಜೂನ್ ಹನ್ನೆರಡಕ್ಕೆ ಕಸ್ತೂರಿ ಅದರಲ್ಲಿ ಕೂತಳು. ಎರಡು ನಿಮಿಷ. ಎಡಗೈ ಪಟ್ಟಿಯ ಅಂಚಿನಲ್ಲಿ ಏನನ್ನೋ ಹುಡುಕಿತು, ಮತ್ತೆ ಹುಡುಕಿತು. ಆಮೇಲೆ ಬೆನ್ನು ಬಿಲ್ಲಾಯಿತು.

ಮರುದಿನ, ಅದರ ಮರುದಿನ, ಅದೇ. ಪ್ರಭುಲಿಂಗ “ಇರಲಿ ಬಿಡು, ಮುಂದಿನ ವರ್ಷ ನೋಡೂಣು” ಎಂದ. ಮುಂದಿನ ವರ್ಷ ಶಾಕಿರಾ ಟೀಚರ ಎದುರು ಬೇರೆ ಮಗು ಕೂತಿರುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

*

ಕೆಟ್ಟದ್ದು ಎಂದರೆ, ಒಳಗೆ ಮುಚ್ಚಿಹೋಗುವ ಆ ತುತ್ತೊಂದನ್ನು ಬಿಟ್ಟರೆ ಎರಡು ಪಟ್ಟಿಗಳ ನಡುವೆ ದಾನೇಶ್ವರಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ; ಅದು ಮಗುವಿನ ಕೈಗೆ ತಾಕೀತು ಎಂದು ಅವಳಿಗೆ ಹೊಳೆದಿರಲಿಲ್ಲ. ತೂಕ ನೋಡಿದಳು, ಮೆದುತನ ಅಳೆದಳು, ವಾಸನೆಯೂ ನೋಡಿದಳು. ಒಂದು ಮಧ್ಯಾಹ್ನ, ಶೆಡ್ಡಿನವರೆಲ್ಲ ಊಟಕ್ಕೆ ಹೋದಾಗ, ಮೊದಲ ಪಟ್ಟಿಯ ತಂತಿಗಳ ದಾಖಲೆಯನ್ನು ತೆರೆದು ಕೂತಳು. ಪಡಸಾಲೆಯ ಆ ಮೂವತ್ತೈದು ನಿಮಿಷ. ಪರದೆಯ ಮೇಲೆ ಅಲೆಅಲೆಯಾದ ಗೆರೆಗಳು. ಎದೆಯ ಮೇಲಿನದು ಉಸಿರು. ತೊಡೆಯದ್ದು ಹೆಚ್ಚು ಕಡಿಮೆ ಸಪಾಟು. ಎಡಬದಿಯ ಕೆಳಮೂಲೆಯದ್ದು ಮಾತ್ರ ಗರಗಸದ ಹಲ್ಲಿನಂತೆ, ಸಮವಾಗಿ, ಒಂದೂವರೆ ಸೆಕೆಂಡಿಗೊಮ್ಮೆ ಏರಿ ಇಳಿಯುತ್ತಿತ್ತು. ಮೊದಲ ನಿಮಿಷದಿಂದ ಮೂವತ್ತೈದನೆಯ ನಿಮಿಷದವರೆಗೆ ಎಲ್ಲೂ ತಪ್ಪದೆ.

ದಾನೇಶ್ವರಿ ತನ್ನ ಹೆಬ್ಬೆರಳನ್ನು ಮೇಜಿನ ಮೇಲೆ ಅದೇ ತಾಳಕ್ಕೆ ಒತ್ತಿ ನೋಡಿದಳು. ಒತ್ತುವುದು, ಉಜ್ಜುವುದು, ಬಿಡುವುದು. ಕಸ್ತೂರಿ ಬಟ್ಟೆಯ ಒಳಗಿದ್ದ ಆ ರೊಟ್ಟಿಯ ತುಂಡನ್ನು ಮೂವತ್ತೈದು ನಿಮಿಷ ಹೆಬ್ಬೆರಳಿನಲ್ಲಿ ಉಜ್ಜಿದ್ದಳು. ಮನೆಯ ಹಳೆಯ ಕೌದಿಯಲ್ಲೂ ಒಂದು ಮೂಲೆ ಸವೆದು ಎಳೆಎಳೆಯಾಗಿತ್ತು ಎಂಬುದು ಆಗ ನೆನಪಾಯಿತು. ಅದು ಇಲಿ ಕಡಿದದ್ದು ಎಂದು ಅವಳು ತಿಳಿದಿದ್ದಳು.

ವಾದಿರಾಜರು ಊಟ ಮುಗಿಸಿ ಬಂದಾಗ ಅವಳು ಇನ್ನೂ ಮೇಜಿನ ಮೇಲೆ ಹೆಬ್ಬೆರಳು ಉಜ್ಜುತ್ತಿದ್ದಳು. ಗೆರೆ ತೋರಿಸಿದಳು. ಅವರು ನೋಡಿದರು.

“ಹಾಳಿ ಇರೋ ಕಡೆ ಬ್ಯಾಡ,” ಎಂದರು. “ಅಂಚಿನ ಹೊರಗ ಒಂದು ಜೇಬು ಇಟ್ಟು, ಅದರಾಗ ಹಾಕಿದ್ರ? ವಿದ್ಯುತ್ತಿಗೆ ಅದರ ಗೊಡವಿನೇ ಇಲ್ಲ.”

“ಆಗ್ತದ್ರೀ.”

“ಆದ್ರ ರೊಟ್ಟಿನೇ ಯಾಕ? ಇರುವಿ ಬರ್ತಾವ. ರಬ್ಬರ್ ತುಂಡು ಹಾಕು.”

ರಬ್ಬರ್ ತುಂಡು ಹಾಕಿದರು. ಕಸ್ತೂರಿ ಒಮ್ಮೆ ಒತ್ತಿ ಕೈ ತೆಗೆದಳು. ಮರದ ಚೂರು, ಪ್ಲಾಸ್ಟಿಕ್ಕು, ಹುಣಸೆ ಬೀಜ. ಯಾವುದನ್ನೂ ಎರಡನೇ ಸಲ ಒತ್ತಲಿಲ್ಲ. ಕೊನೆಗೆ ನೀಲವ್ವ ಎದ್ದು, ಗೂಡಿನ ಮೇಲಿದ್ದ ಕಡಕ್ ರೊಟ್ಟಿಯ ಅಡಕಲಿನಿಂದ ಒಂದು ಮೂಲೆ ಮುರಿದು ತಂದಳು. ಆರು ತಿಂಗಳಿಟ್ಟರೂ ಕೆಡದ, ಒಣಗಿಸಿ ಗರಿಗರಿ ಮಾಡಿದ ರೊಟ್ಟಿ. ಕಸ್ತೂರಿ ಬೇರೇನೂ ಹಚ್ಚಿಕೊಳ್ಳದೆ ದಿನಾ ತಿನ್ನುತ್ತಿದ್ದುದು ಅದೇ. ಜೇಬಿಗೆ ಹಾಕಿದ ಕೂಡಲೇ ಅವಳ ಹೆಬ್ಬೆರಳು ಒತ್ತಿತು, ಉಜ್ಜಿತು, ಮತ್ತೆ ಒತ್ತಿತು.

“ಇರುವಿ ತಿಂದ್ರ ತಿನ್ಲಿ,” ಎಂದಳು ನೀಲವ್ವ. “ಅವಕ್ಕೂ ಹಸಿವಿ ಇರ್ತೈತಿ.”

ಮೂರನೆಯ ಪಟ್ಟಿ ಜೂನ್ ಇಪ್ಪತ್ತಾರಕ್ಕೆ ಹಳಿಯ ಮೇಲೆ ಗೆದ್ದಿತು. ವಾದಿರಾಜರು ಅದರ ವಿವರ ಪತ್ರ ಬರೆಯಲು ಕೂತು, ಪ್ರತಿ ಭಾಗದ ಹೆಸರು, ಅಳತೆ, ತೂಕ ನಮೂದಿಸಿ, ಹದಿನೇಳನೇ ಸಾಲಿನಲ್ಲಿ ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದರು: ‘ಎಡ ಕೆಳಮೂಲೆಯ ಜೇಬಿನಲ್ಲಿ ಕಡಕ್ ಜೋಳದ ರೊಟ್ಟಿ, ಮೂರು ಗ್ರಾಂ. ಆರು ತಿಂಗಳಿಗೊಮ್ಮೆ ಬದಲಿಸತಕ್ಕದ್ದು.’

ಇನ್ನೊಂದು ಸಾಲೂ ಆ ಪತ್ರದಲ್ಲಿತ್ತು. ದಾನೇಶ್ವರಿ ಅದನ್ನು ಮನೆಯಲ್ಲಿ ಹೇಳಲಿಲ್ಲ. ಡಿಕ್ಕಿಯನ್ನು ಮೊದಲೇ ಕಾಣುವ ಕಾರಿನ ಕಣ್ಣು ಕೆಲವೊಮ್ಮೆ ಇಲ್ಲದ ಡಿಕ್ಕಿಯನ್ನೂ ಕಾಣುತ್ತದೆ, ಸುಮಾರು ಸಾವಿರದ ಐನೂರು ಕಿಲೋಮೀಟರಿಗೊಮ್ಮೆ. ಆಗ ಪಟ್ಟಿ ಕಾರಣವಿಲ್ಲದೆ ಅರ್ಧ ಸೆಕೆಂಡು ಹಲಗೆಯಾಗುತ್ತದೆ. ಬೇರೆ ಮಗುವಾದರೆ ಬೆಚ್ಚಿ, ಅತ್ತು, ಮರೆಯುತ್ತದೆ. ಕಸ್ತೂರಿ ಮರೆಯುವ ಮಗುವಲ್ಲ. ಒಮ್ಮೆ ಹಾಗಾದರೆ ಆ ಆಸನದಲ್ಲಿ ಮತ್ತೆ ಯಾವತ್ತೂ ಕೂರಲಾರಳು. ಹೇಳಿದ್ದರೆ ಪ್ರಭುಲಿಂಗ ಬೇಡವೆನ್ನುತ್ತಿದ್ದ. ಕೌದಿ ಸುತ್ತಿ ಒಯ್ದಾಗ ಅವರು ತನಗೆ ಮೊದಲೇ ಹೇಳದೆ ಮಾಡಿದ್ದನ್ನೇ ಈಗ ತಾನೂ ಮಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯದೆ ಇರಲಿಲ್ಲ.

*

ಜುಲೈ ಒಂದರ ಬೆಳಿಗ್ಗೆ ಕಾರು ಹೊರಟಿತು. ಒಳಗೆ ತಾಯಿ ಮಗಳು ಇಬ್ಬರೇ. ತೊರವಿಯ ತಿರುವು ದಾಟಿತು. ಕಬ್ಬಿನ ಹಾಲಿನವನು ಗುರುತು ಹಿಡಿದು ಕೈಯೆತ್ತಿದ. ಕಸ್ತೂರಿಯ ಎಡ ಹೆಬ್ಬೆರಳು ಮೂಲೆಯಲ್ಲಿ ಆಡುತ್ತಿತ್ತು. ಕರರ್, ಕರರ್. ದೂರದಲ್ಲಿ ಗೋಲಗುಮ್ಮಟದ ಬೆನ್ನು ಕಂಡಿತು.

ಶಾಲೆ ಎರಡು ಕಿಲೋಮೀಟರ್ ಇರುವಾಗ ಎದುರಿನ ಮೇವಿನ ಟ್ರ್ಯಾಕ್ಟರಿನಿಂದ ಒಂದು ದೊಡ್ಡ ಖಾಲಿ ಚೀಲ ಹಾರಿ ಕಾರಿನ ಮುಂದೆ ಉಬ್ಬಿ ನಿಂತಿತು. ಕಾರು ಅದನ್ನು ಏನೆಂದು ಕಂಡಿತೋ. ಕೀರಲಿಟ್ಟು ನಿಂತಿತು. ಆ ಕ್ಷಣದಲ್ಲೇ ಕೌದಿಪಟ್ಟಿ ಸದ್ದಿಲ್ಲದೆ ಹಲಗೆಯಾದದ್ದನ್ನು ದಾನೇಶ್ವರಿ ಕಂಡಳು. ಸೀರೆಯ ಮಡಿಕೆಗಳು ಇದ್ದಲ್ಲೇ ಕಲ್ಲಾದವು. ಅರ್ಧ ಸೆಕೆಂಡು. ಮೂಲೆಯಲ್ಲಿ ಕಟ್ ಎಂದು ಸಣ್ಣ ಸದ್ದಾಯಿತು. ಪಟ್ಟಿ ಮತ್ತೆ ಬಟ್ಟೆಯಾಯಿತು.

ಚೀಲ ಗಾಳಿಗೆ ಹಾರಿ ಹೊಲಕ್ಕೆ ಬಿತ್ತು.

ಕಸ್ತೂರಿಯ ಬಾಯಿ ತೆರೆದಿತ್ತು. ಸದ್ದಿರಲಿಲ್ಲ. ದಾನೇಶ್ವರಿ ಅವಳನ್ನು ಮುಟ್ಟಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಶಾಕಿರಾ ಟೀಚರ್ ಅಂದು ಕೂತಿದ್ದ ಹಾಗೆ ಕೂತಳು. ಕಾರು ಕೂಡ ಏನೂ ಹೇಳಲಿಲ್ಲ, ಪಟ್ಟಿ ಬಿಗಿಯಾಗಿಯೇ ಇತ್ತಲ್ಲ. ಮಗುವಿನ ಹೆಬ್ಬೆರಳು ಮೂಲೆಗೆ ಹೋಯಿತು. ಒತ್ತಿತು. ನಿಂತಿತು. ಅಲ್ಲೇನೋ ಬದಲಾಗಿತ್ತು. ಮತ್ತೆ ಒತ್ತಿತು, ಈ ಸಲ ತೋರುಬೆರಳನ್ನೂ ಜೊತೆಗೆ ಕರೆದುಕೊಂಡು. ಒಂದು ತುಂಡಿನ ಮೇಲೆ ಇನ್ನೊಂದು ತುಂಡು ಉಜ್ಜುವ ಸದ್ದು ಬಟ್ಟೆಯ ಒಳಗಿಂದ ಕೇಳಿತು. ಬಾಯಿ ಮುಚ್ಚಿಕೊಂಡಿತು.

ಕಾರು ಮುಂದೆ ಹೋಯಿತು.

ಮಧ್ಯಾಹ್ನ ಮರಳಿ ಬಂದಾಗ ನೀಲವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮೊಮ್ಮಗಳು ತಾನಾಗಿ ಇಳಿದು ಒಳಗೆ ಹೋದದ್ದನ್ನು ನೋಡಿದಳು. ಆಮೇಲೆ ಕಾರಿನೊಳಗೆ ಬಗ್ಗಿ, ಪಟ್ಟಿಯನ್ನು ಅಂಚಿನಿಂದ ಅಂಚಿಗೆ ಬೆರಳಿನಲ್ಲಿ ಸವರಿದಳು. ಎಡ ಮೂಲೆಗೆ ಬಂದು ಬೆರಳು ನಿಂತಿತು.

“ಮುರದೈತಿ,” ಎಂದಳು. “ಬಟ್ಟಿ ಗಟ್ಟಿ ಆಗಿತ್ತೇನು?”

“ಹೂಂ.”

“ಎಲ್ಲಿ?”

“ಶಾಲಿ ಸನೇಕ. ಏನೂ ಬಡೀಲಿಲ್ರೀ. ಚೀಲ ಹಾರಿ ಬಂತು, ಅಷ್ಟ. ಹಂಗ ಆಗೂದು ಐತಿ ಅಂತ ನನಗ ಮೊದಲ ಗೊತ್ತಿತ್ತು.”

ನೀಲವ್ವ ಸೊಸೆಯನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡಳು ದಾನೇಶ್ವರಿ. ಬೈದರೆ ಒಳ್ಳೆಯದಿತ್ತು.

“ಕೂಸು?”

“ಸುಮ್ಮನಿತ್ತು.”

“ಅಂಜಿ ಸುಮ್ಮನೋ, ಹಂಗ ಸುಮ್ಮನೋ?”

“ಮೊದಲ ಅಂಜಿ. ಆಮ್ಯಾಲ ಹಂಗ.”

ನೀಲವ್ವ ಸೊಂಟದ ಸಂಚಿಯಿಂದ ಸೂಜಿ ತೆಗೆದು, ಜೇಬಿನ ನಾಲ್ಕು ಹೊಲಿಗೆ ಬಿಚ್ಚಿ, ಎರಡು ತುಂಡನ್ನೂ ಅಂಗೈಗೆ ಹಾಕಿಕೊಂಡಳು. ಹೊಸದನ್ನು ತರಲು ಒಳಗೆ ತಿರುಗುವಷ್ಟರಲ್ಲಿ ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. ಬಂದು ಅಜ್ಜಿಯ ಅಂಗೈಯಿಂದ ತುಂಡುಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಜೇಬಿನೊಳಗೆ ಹಾಕಿದಳು. ಹೊರಗಿನಿಂದ ಒತ್ತಿ ನೋಡಿದಳು.

“ಎರಡು,” ಎಂದಳು.

ನೀಲವ್ವ ಜೇಬು ಹೊಲಿದಳು.

ಮರುದಿನ ಮಗಳನ್ನು ಶಾಲೆಯಲ್ಲಿ ಬಿಟ್ಟು ಪರೀಕ್ಷಾಲಯಕ್ಕೆ ಬಂದ ದಾನೇಶ್ವರಿ ವಿವರ ಪತ್ರ ತೆಗೆದು, ಹದಿನೇಳನೇ ಸಾಲಿನಲ್ಲಿ ‘ಮೂರು ಗ್ರಾಂ’ ಎಂಬುದರ ಮುಂದೆ ‘ಎರಡು ತುಂಡಾಗಿ’ ಎಂದು ಸೇರಿಸಿದಳು. ವಾದಿರಾಜರು ಕನ್ನಡಕ ಒರೆಸಿ ಓದಿ, ಕೆಳಗೆ ಸಹಿ ಹಾಕಿದರು.